ಕೆಂಪು ಚೀಲ, ನೀಲಿ ಚೀಲ

ಹೋದ ಸಲ ಕ್ಲೀನಿಂಗ್ ಕೆಲಸಕ್ಕೆ ರೇಟ್ ಹೇಳೋದು ಹೇಗೆ ಅಂತ ಬರೆದಿದ್ದೆ. ಅದನ್ನು ಓದಿದವರಲ್ಲಿ ಬಹಳ ಜನ ಕೇಳಿದ ಪ್ರಶ್ನೆ ಒಂದೇ: ‘ಅದೆಲ್ಲ ಸರಿ, ನೀವು ಯಾವ ಕೆಮಿಕಲ್ ಬಳಸ್ತೀರಿ? ನಮ್ಮನೇಲಿ ಮಗು ಇದೆ, ನಾಯಿ ಇದೆ.’ ಒಳ್ಳೇ ಪ್ರಶ್ನೆ. ಆದರೆ ಅದನ್ನು ದಿನಾ ಎರಡು ಹೊತ್ತು ಕೈಯಲ್ಲಿ ಹಿಡಿಯೋ ಹೆಂಗಸರಿಗೆ ಏನಾಗತ್ತೆ ಅಂತ ಒಬ್ಬರೂ ಕೇಳಲಿಲ್ಲ. ನಿಮ್ಮನ್ನು ದೂರೋಕೆ ನನಗೆ ಬಾಯಿಲ್ಲ. ಎರಡು ವರ್ಷದ ಹಿಂದೆ ನಾನೂ ಕೇಳಿರಲಿಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ನಾನು, ನನ್ನ ಓರಗಿತ್ತಿ ಇಬ್ಬರೂ ಸೇರಿ ಬೆಂಗಳೂರಿನಲ್ಲಿ ನಡೆಸೋದು ಒಂದು ಪುಟ್ಟ ಕ್ಲೀನಿಂಗ್ ಬಿಸಿನೆಸ್. ಎಂಟು ಜನ ಕೆಲಸದವರು, ಎರಡು ಸ್ಕೂಟರ್, ನಮ್ಮ ಮನೆ ಮೆಟ್ಟಿಲ ಕೆಳಗಿನ ಗೂಡೇ ಗೋಡೌನು. ಬಾಡಿಗೆ ಮನೆ ಖಾಲಿ ಮಾಡೋರು ಅಡ್ವಾನ್ಸ್ ವಾಪಸ್ ಬರಲಿ ಅಂತ ನಮ್ಮನ್ನು ಕರೀತಾರೆ, ಹೊಸ ಫ್ಲ್ಯಾಟ್ ತಗೊಂಡೋರು ಗೃಹಪ್ರವೇಶಕ್ಕೆ ಮುಂಚೆ ಸಿಮೆಂಟ್ ಕಲೆ ತೆಗೆಸೋಕೆ ಕರೀತಾರೆ. ಹೊಟ್ಟೆಪಾಡು ನಡೀತಿದೆ.

ಆ ದಿನ ಕೆಲಸ ಇದ್ದದ್ದು ಮೂರನೇ ಮಹಡಿಯ ಒಂದು ಫ್ಲ್ಯಾಟ್‌ನಲ್ಲಿ. ಖಾಲಿ ಮಾಡ್ತಿದ್ದವರು ಚಿಕ್ಕ ವಯಸ್ಸಿನ ಗಂಡ ಹೆಂಡತಿ, ಇಬ್ಬರೂ ಐಟಿಯವರು, ಬಹಳ ಒಳ್ಳೆಯವರು. ಹೋದ ಕೂಡಲೇ ಕಾಫಿ ಕೊಟ್ಟರು. ನಮ್ಮವರಿಗೆ ಕೆಲಸ ಹಗುರ ಆಗಲಿ ಅಂತ ಹಿಂದಿನ ರಾತ್ರಿಯೇ ಕಮೋಡಿಗೆ, ಬಾತ್‌ರೂಮಿನ ನೆಲಕ್ಕೆ ಒಂದು ಬಾಟಲಿ ಬ್ಲೀಚ್ ಸುರಿದು ಬಿಟ್ಟಿದ್ದರು. ಅದನ್ನು ನಮಗೆ ಹೇಳಲಿಲ್ಲ. ಹೇಳಬೇಕು ಅಂತ ಅವರಿಗೆ ಗೊತ್ತಿರಲಿಲ್ಲ, ಕೇಳಬೇಕು ಅಂತ ನನಗೆ ಗೊತ್ತಿರಲಿಲ್ಲ.

ಒಳಗೆ ಹೋದದ್ದು ನಾವೆಲ್ಲ ಸಿಂಧನೂರಿನ ಅಕ್ಕ ಅಂತ ಕರೆಯೋ ನಮ್ಮ ಹಿರಿಯ ಕೆಲಸಗಾತಿ. ಬೋರ್‌ವೆಲ್ ನೀರಿನ ಬಿಳೀ ಕಲೆ ಕಮೋಡ್ ತುಂಬ ಹೆಪ್ಪುಗಟ್ಟಿತ್ತು. ಅಕ್ಕ ಕುಕ್ಕರುಗಾಲಲ್ಲಿ ಕೂತು ಆಸಿಡ್ ಸುರಿದಳು. ವಾಸನೆ ಹಾಲ್‌ಗೆ ಬರಬಾರದು ಅಂತ ಬಾಗಿಲು ಮುಕ್ಕಾಲು ಮುಚ್ಚಿತ್ತು. ಎಕ್ಸಾಸ್ಟ್ ಫ್ಯಾನ್ ಕೆಟ್ಟು ಎಷ್ಟು ತಿಂಗಳಾಗಿತ್ತೋ. ನಾನು ಹಾಲ್‌ನಲ್ಲಿ ವಾಟ್ಸಾಪ್ ಸ್ಟೇಟಸ್‌ಗೆ ‘ಬಿಫೋರ್’ ಫೋಟೋ ತೆಗೀತಾ ಇದ್ದೆ. ಒಂದು ನಿಮಿಷ ಆಗಿತ್ತೋ ಇಲ್ಲವೋ, ಅಕ್ಕ ಗೋಡೆ ಹಿಡ್ಕೊಂಡು ಆಚೆ ಬಂದಳು. ಕಣ್ಣಲ್ಲಿ ನೀರು, ಕೆಮ್ಮು ನಿಲ್ತಾ ಇಲ್ಲ. ‘ಮೇಡಮ್ರೀ, ಎದಿ ಹಿಡ್ದಂಗಾಗೈತ್ರಿ. ಉಸ್ರು ತಗೊಳ್ಳಾಕ ಆಗವಲ್ದು’ ಅಂದಳು.

ಬಾಲ್ಕನಿಗೆ ಕರ್ಕೊಂಡು ಹೋಗಿ ಕೂರಿಸಿದೆವು. ಆಮೇಲೆ ಆಟೋ, ಆಮೇಲೆ ಹತ್ತಿರದ ಆಸ್ಪತ್ರೆ. ಡಾಕ್ಟರು ಆಕ್ಸಿಜನ್ ಹಾಕಿಸಿ, ನನ್ನ ಕಡೆ ತಿರುಗಿ ‘ಯಾವ ಕೆಮಿಕಲ್ ಅಮ್ಮ? ಬಾಟಲಿ ತಂದಿದ್ದೀರಾ?’ ಅಂದರು. ತಂದಿದ್ದೆ. ಅದು ಕೂಲ್‌ಡ್ರಿಂಕ್ಸ್ ಬಾಟಲಿ. ನಾವು ಐದು ಲೀಟರ್ ಕ್ಯಾನ್‌ನಲ್ಲಿ ಲೂಸ್ ತಂದು ಅದಕ್ಕೆ ಬಗ್ಗಿಸಿಕೊಳ್ತಿದ್ದೆವು. ಮೇಲೆ ಚೀಟಿಯೂ ಇಲ್ಲ, ಹೆಸರೂ ಇಲ್ಲ. ‘ಆಸಿಡ್ಡು’ ಅಂದೆ. ‘ಯಾವ ಆಸಿಡ್ಡು?’ ಅಂದರು. ಉತ್ತರ ಇರಲಿಲ್ಲ. ಜೀವನದಲ್ಲಿ ಅಷ್ಟು ನಾಚಿಕೆ ಆದದ್ದು ಕಡಿಮೆ.

ಆಗಿದ್ದೇನು ಅಂತ ಆಮೇಲೆ ತಿಳೀತು. ಬ್ಲೀಚ್ ಅಂದರೆ ಸೋಡಿಯಂ ಹೈಪೋಕ್ಲೋರೈಟ್ ಕರಗಿಸಿದ ನೀರು. ಅದಕ್ಕೆ ಯಾವುದೇ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಹೊರಗೆ ಬರುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ ಹತ್ತಿರ ಜರ್ಮನ್ ಸೈನ್ಯ ಕಂದಕದಲ್ಲಿದ್ದ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಕಂದಕಕ್ಕೇ ಯಾಕೆ ಬಿಟ್ಟರು ಅಂದರೆ ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ತಗ್ಗಿಗೆ ಇಳಿದು ಅಲ್ಲೇ ನಿಲ್ಲತ್ತೆ. ಇದನ್ನು ಓದಿದಾಗ ನನಗೆ ತಟ್ಟನೆ ಕಣ್ಣಿಗೆ ಬಂದದ್ದು ಕುಕ್ಕರುಗಾಲಲ್ಲಿ ಕೂತ ಅಕ್ಕ. ವಿದೇಶದ ಸೇಫ್ಟಿ ಚಿತ್ರಗಳಲ್ಲಿ ಕ್ಲೀನಿಂಗ್ ಮಾಡೋರು ಯಾವಾಗಲೂ ನಿಂತಿರುತ್ತಾರೆ, ಕೈಯಲ್ಲಿ ಉದ್ದನೆ ಮಾಪ್. ನಮ್ಮಲ್ಲಿ ಕೂತು ಉಜ್ಜಿದರೇ ಕೆಲಸ ಅನ್ನಿಸೋದು. ಮೂಗು ನೆಲದಿಂದ ಎರಡಡಿ ಮೇಲಿರತ್ತೆ. ಭಾರದ ಅನಿಲ ತುಂಬಿಕೊಳ್ಳೋ ಜಾಗ ಅದೇ.

ಸಂಜೆವರೆಗೆ ಅಕ್ಕನನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಈ ಅನಿಲ ಕುಡಿದವರಿಗೆ ಆಗ ಸರಿಹೋದಂತೆ ಕಂಡು, ಕೆಲವು ಗಂಟೆ ಬಿಟ್ಟು ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳೋದೂ ಉಂಟಂತೆ. ಪುಣ್ಯಕ್ಕೆ ಹಾಗಾಗಲಿಲ್ಲ. ಬಿಲ್ ನಾವೇ ಕಟ್ಟಿದೆವು. ಹತ್ತು ಜನಕ್ಕಿಂತ ಕಡಿಮೆ ಇರೋ ನಮ್ಮಂಥ ಕಡೆ ಇಎಸ್‌ಐ ಕಡ್ಡಾಯ ಅಲ್ಲ. ಕಡ್ಡಾಯ ಅಲ್ಲದ್ದನ್ನು ಮಾಡಿಸೋ ಬುದ್ಧಿ ಅಲ್ಲಿಯವರೆಗೆ ನಮಗೆ ಬಂದಿರಲಿಲ್ಲ.

ಆ ರಾತ್ರಿ ಗೂಡಿನಲ್ಲಿದ್ದದ್ದನ್ನೆಲ್ಲ ಆಚೆ ತೆಗೆದು ಹಾಲ್‌ನಲ್ಲಿ ಪೇಪರ್ ಹಾಸಿ ಸಾಲಾಗಿಟ್ಟೆವು. 23 ಬಾಟಲಿ. ಅದರಲ್ಲಿ ಏಳಕ್ಕೆ ಲೇಬಲ್ಲೇ ಇಲ್ಲ. ಎರಡರ ಮೇಲೆ ನನ್ನ ಓರಗಿತ್ತಿಯ ಕೈಬರಹದಲ್ಲಿ ‘ಟೈಲ್ಸು’ ಅಂತಷ್ಟೇ ಇತ್ತು. ನಮ್ಮತ್ತೆ ರೂಮಿನಿಂದ ಬಂದು ನೋಡಿ, ‘ಇಷ್ಟು ವಿಷ ಇಟ್ಕೊಂಡು ಅದರ ಮೇಲಿನ ಮೆಟ್ಟಿಲಲ್ಲಿ ಮಕ್ಕಳನ್ನ ಓಡಾಡಿಸ್ತಿದ್ರಾ?’ ಅಂದರು. ಇಬ್ಬರೂ ತಲೆ ಎತ್ತಲಿಲ್ಲ.

ಮೊದಲು ಬಾಟಲಿಗಳ ಪಟ್ಟಿ ಮಾಡಿದೆವು. ಮಾಡಿ ಮುಗಿಸಿದ ಮೇಲೆ ಓರಗಿತ್ತಿ ಒಂದು ಮಾತು ಹೇಳಿದಳು: ‘ಅಕ್ಕನಿಗೆ ತೊಂದರೆ ಮಾಡಿದ ಬ್ಲೀಚ್ ಈ ಪಟ್ಟೀಲಿ ಇಲ್ವಲ್ಲ.’ ಹೌದು, ಅದು ಕಸ್ಟಮರ್ ಮನೇದು. ಬಾಟಲಿ ಲೆಕ್ಕ ಹಾಕ್ತಾ ಕೂತರೆ ಅಪಾಯ ಸಿಗೋದಿಲ್ಲ ಅಂತ ಆಗ ಅರ್ಥವಾಯಿತು. ಪಟ್ಟಿ ಹರಿದು ಹಾಕಿ, ಒಂದು ಲಾಂಗ್ ನೋಟ್‌ಬುಕ್ ತಗೊಂಡು ಕೆಲಸಕ್ಕೊಂದು ಪುಟ ಅಂತ ಶುರು ಮಾಡಿದೆವು. ಬಾತ್‌ರೂಮ್ ಒಂದು ಪುಟ, ಅಡುಗೆಮನೆ ಚಿಮಣಿ ಒಂದು, ಕಿಟಕಿ ಗಾಜು ಒಂದು, ಹೊಸ ಫ್ಲ್ಯಾಟಿನ ಸಿಮೆಂಟ್ ಕಲೆ ಒಂದು. ಪ್ರತಿ ಪುಟದಲ್ಲೂ ಕೇಳಿಕೊಂಡದ್ದು: ಏನು ಹಾಕ್ತೀವಿ, ಅದರೊಳಗೆ ಏನಿದೆ, ಸುರೀತೀವಾ ಸ್ಪ್ರೇ ಮಾಡ್ತೀವಾ ಬಟ್ಟೇಲಿ ಒರೆಸ್ತೀವಾ, ಎಷ್ಟು ಹೊತ್ತು, ಗಾಳಿ ಎಲ್ಲಿಂದ ಬರತ್ತೆ, ಯಾರು ಮಾಡ್ತಾರೆ, ಅದೇ ಜಾಗದಲ್ಲಿ ಮುಂಚೆ ಬೇರೆ ಯಾರಾದರೂ ಏನಾದರೂ ಹಾಕಿರಬಹುದಾ.

ಅರ್ಧಕ್ಕರ್ಧ ಕಾಲಂ ಖಾಲಿ ಉಳೀತು, ಯಾಕೆಂದರೆ ಕೆಲಸ ಮಾಡೋರು ನಾವಲ್ಲ. ಮುಂದಿನ ಸೋಮವಾರ ಯಾವ ಬುಕಿಂಗೂ ತಗೊಳ್ಳದೆ ಎಂಟೂ ಜನರನ್ನು ಕೂರಿಸಿ, ಟೀ ಬೋಂಡಾ ತರಿಸಿ ಕೇಳಿದೆವು. ಆ ಎರಡು ಗಂಟೆಯಲ್ಲಿ ತಿಳಿದದ್ದು ಯಾವ ಪುಸ್ತಕದಲ್ಲೂ ಸಿಗೋದಿಲ್ಲ. ಕಾಸ್ಟಿಕ್ ಸೋಡಾ ಪ್ಯಾಕೆಟ್ಟನ್ನು ಕತ್ತರಿ ಇಲ್ಲದಾಗ ಹಲ್ಲಿಂದ ಕಚ್ಚಿ ಹರೀತಾರೆ. ಮನೆಯೊಳಗೆ ಚಪ್ಪಲಿ ಹಾಕೋಕೆ ಓನರ್ ಬಿಡದ ಕಾರಣ ಆಸಿಡ್ ಹಾಕಿದ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲುತ್ತಾರೆ. ಗ್ಲೌಸ್ ಕೊಟ್ಟರೂ ಹಾಕಲ್ಲ ಅಂತ ನಾವು ಬೈತಿದ್ದೆವಲ್ಲ, ಅದಕ್ಕೆ ಕಾರಣ ಬಳೆ. ಗಾಜಿನ ಬಳೆ ತೆಳು ಗ್ಲೌಸನ್ನು ಕೊಯ್ಯತ್ತೆ, ಒಳಗೆ ನುಗ್ಗಿದ ಆಸಿಡ್ ಅಲ್ಲೇ ನಿಂತು ಬರಿಗೈಗಿಂತ ಹೆಚ್ಚು ಸುಡತ್ತೆ. ಬಳೆ ತೆಗೀರಿ ಅನ್ನೋಕೆ ನಮಗೂ ಬಾಯಿ ಬರಲಿಲ್ಲ. ಈಗ ಮೊಣಕೈವರೆಗೆ ಬರೋ ದಪ್ಪ ನೈಟ್ರೈಲ್ ಗ್ಲೌಸ್, ಒಂದು ಸೈಜ್ ದೊಡ್ಡದು, ಬಳೆ ಮೇಲೇ ಸಲೀಸಾಗಿ ಹೋಗತ್ತೆ. ಮೇಲೆ ಕೈ ಎತ್ತಿ ಉಜ್ಜುವಾಗ ನೀರು ತೋಳಿಗೆ ಇಳಿಯಬಾರದು ಅಂತ ಗ್ಲೌಸಿನ ಬಾಯಿಯನ್ನು ಒಂದು ಮಡಿಕೆ ಹೊರಗೆ ಮಡಚೋದು ಅವರೇ ಕಂಡುಹಿಡಿದ ಉಪಾಯ. ಚಪ್ಪಲಿ ಸಮಸ್ಯೆಗೆ ಬುಕಿಂಗ್ ಮೆಸೇಜಿನಲ್ಲೇ ಬರೀತೀವಿ: ನಮ್ಮವರು ಒಳಗೆ ಹಾಕೋಕೆ ತೊಳೆದ ರಬ್ಬರ್ ಬೂಟು ತರ್ತಾರೆ, ದಯವಿಟ್ಟು ಬೇಡ ಅನ್ನಬೇಡಿ.

ಇನ್ನೊಂದು ವಿಷಯ ಅಂದು ಮಾತಿಗೆ ಮಾತು ಬಂದು ಗೊತ್ತಾಯಿತು. ಮೂರು ಜನಕ್ಕೆ ರಾತ್ರಿ ಕೆಮ್ಮು. ‘ಬೆಂಗ್ಳೂರು ಧೂಳ್ರೀ’ ಅಂದರು. ರಜೆ ದಿನ ಹೇಗಿರತ್ತೆ ಅಂತ ಕೇಳಿದೆ. ಊರಿಗೆ ಹೋದರೆ ಇರಲ್ಲವಂತೆ, ವಾಪಸ್ ಬಂದು ಎರಡು ದಿನಕ್ಕೆ ಮತ್ತೆ ಶುರುವಂತೆ. ಕೆಲಸದಿಂದ ಬರೋ ಅಸ್ತಮಾಕ್ಕೆ ಡಾಕ್ಟರುಗಳು ಮೊದಲು ಹುಡುಕೋ ಸುಳಿವೇ ಇದು, ರಜೆಯಲ್ಲಿ ಕಡಿಮೆಯಾಗಿ ಕೆಲಸಕ್ಕೆ ಬಂದಾಗ ಹೆಚ್ಚಾಗೋದು. ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಆರು ಸಾವಿರಕ್ಕೂ ಹೆಚ್ಚು ಜನರನ್ನು ಸುಮಾರು 20 ವರ್ಷ ಗಮನಿಸಿದಾಗ, ಕ್ಲೀನಿಂಗ್ ಮಾಡುವ ಹೆಂಗಸರ ಶ್ವಾಸಕೋಶದ ಶಕ್ತಿ ಉಳಿದವರಿಗಿಂತ ಬೇಗ ಕುಗ್ಗಿತ್ತು. ಮನೆಯಲ್ಲಿ ತಾವೇ ಕ್ಲೀನ್ ಮಾಡಿಕೊಳ್ಳೋ ಹೆಂಗಸರೂ ಆ ಲೆಕ್ಕದಲ್ಲಿದ್ದಾರೆ, ಅಂದರೆ ನಾವು ನೀವೂ. ಅಕ್ಕನ ಆ ಒಂದು ನಿಮಿಷವನ್ನು ನಾವು ಆಕ್ಸಿಡೆಂಟ್ ಅಂದುಕೊಂಡೆವು. ಈ ಕೆಮ್ಮು ನಮ್ಮ ಕಣ್ಣೆದುರೇ ದಿನಾ ಆಗ್ತಿತ್ತು.

ಅವತ್ತಿನಿಂದ ಸ್ಪ್ರೇ ಬಾಟಲಿ ಹೆಚ್ಚೂಕಡಿಮೆ ಬಂದ್. ಸ್ಪ್ರೇ ಹೊಡೆದಾಗ ಹನಿ ಸಣ್ಣದಾಗಿ ಒಡೆದು ನೇರ ಎದೆಗೆ ಹೋಗತ್ತೆ. ಅದನ್ನೇ ಬಟ್ಟೆಗೆ ಹಾಕಿ ಒರೆಸಿದರೆ ಕೆಲಸ ಅಷ್ಟೇ ಆಗತ್ತೆ, ಗಾಳಿಗೆ ಹೋಗೋದು ಎಷ್ಟೋ ಕಡಿಮೆ. ದುಡ್ಡೂ ಖರ್ಚಾಗದ ಬದಲಾವಣೆ ಇದು, ನೀವು ಇವತ್ತೇ ಮನೆಯಲ್ಲಿ ಮಾಡಬಹುದು.

ಇನ್ನು ಬಾಟಲಿಯೊಳಗೆ ಏನಿದೆ ಅನ್ನೋ ಪ್ರಶ್ನೆ. ಕೆಮಿಕಲ್ ತಯಾರಿಸೋರ ಹತ್ತಿರ ಸೇಫ್ಟಿ ಡೇಟಾ ಶೀಟ್ ಅಂತ ಒಂದಿರತ್ತೆ, 16 ಭಾಗದ್ದು. ನೋಡಿದರೆ ನಿದ್ದೆ ಬರತ್ತೆ, ನಿಜ. ಆದರೆ ಎರಡನೇ ಭಾಗದಲ್ಲಿ ಅಪಾಯ ಏನು ಅಂತಿರತ್ತೆ, ನಾಲ್ಕರಲ್ಲಿ ಪ್ರಥಮ ಚಿಕಿತ್ಸೆ, ಎಂಟರಲ್ಲಿ ಏನು ಹಾಕ್ಕೊಬೇಕು ಅನ್ನೋದು, ಹತ್ತರಲ್ಲಿ ಯಾವುದರ ಜೊತೆ ಸೇರಿಸಬಾರದು ಅನ್ನೋದು. ಈ ನಾಲ್ಕು ಓದಿದರೆ ನಮ್ಮಂಥವರಿಗೆ ಮುಕ್ಕಾಲು ಕೆಲಸ ಮುಗೀತು. ಅಂಗಡಿಯವರಿಗೆ ವಾಟ್ಸಾಪ್‌ನಲ್ಲಿ ಕೇಳಿದೆ. ಒಬ್ಬರು ಅರ್ಧ ಗಂಟೇಲಿ ಪಿಡಿಎಫ್ ಕಳಿಸಿದರು. ಇನ್ನೊಬ್ಬರು ‘ಇಷ್ಟು ವರ್ಷದಲ್ಲಿ ಇದನ್ನ ಯಾರೂ ಕೇಳಿಲ್ಲ ಮೇಡಂ’ ಅಂದರು. ಲೂಸ್ ಆಸಿಡ್ ಕೊಡ್ತಿದ್ದವರೂ ಅವರೇ. 2013ರಲ್ಲಿ ಸುಪ್ರೀಂ ಕೋರ್ಟ್ ಆಸಿಡ್ ದಾಳಿಯ ಪ್ರಕರಣದಲ್ಲಿ, ಆಸಿಡ್ ಮಾರೋರು ಕೊಳ್ಳೋರ ಗುರುತಿನ ಚೀಟಿ ನೋಡಿ ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು ಅಂತ ಹೇಳಿದೆ. ನನ್ನ ಆಧಾರ್ ಕಾರ್ಡನ್ನು ಒಂದು ದಿನವೂ ಅವರು ಕೇಳಿರಲಿಲ್ಲ, ನಾನೂ ತೋರಿಸಿರಲಿಲ್ಲ.

ಲೇಬಲ್ ಇಲ್ಲದ ಏಳರಲ್ಲಿ ಒಂದು ‘ತುಕ್ಕು ತೆಗೆಯೋದು’ ಅಂತ ಕೊಟ್ಟಿದ್ದು. ವಿಚಾರಿಸಿದಾಗ ಅದರಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇದೆ ಅಂತ ಗೊತ್ತಾಯಿತು. ಉಳಿದ ಆಸಿಡ್ ಚರ್ಮಕ್ಕೆ ಬಿದ್ದ ಕೂಡಲೇ ಉರಿಯತ್ತೆ, ಓಡಿಹೋಗಿ ತೊಳೀತೀವಿ. ಇದು ತೆಳುವಾಗಿದ್ದರೆ ಮೊದಲು ಏನೂ ಅನಿಸೋದಿಲ್ಲ, ಗಂಟೆಗಟ್ಟಲೆ ಬಿಟ್ಟು ನೋವು ಶುರುವಾಗತ್ತೆ, ಅಷ್ಟರಲ್ಲಿ ಅದು ಚರ್ಮ ದಾಟಿ ಮೂಳೆಯ ಕಡೆ ಇಳಿದಿರತ್ತೆ, ದೇಹದ ಕ್ಯಾಲ್ಸಿಯಂ ಹೀರುತ್ತೆ. ಅದಕ್ಕೆ ಹಚ್ಚಬೇಕಾದ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ನಮ್ಮಲ್ಲಿ ಯಾರ ಮನೆಯಲ್ಲಿರತ್ತೆ? ಬಾಟಲಿಯನ್ನು ಹಾಗೇ ವಾಪಸ್ ಕೊಟ್ಟು ಬಂದೆವು. ತುಕ್ಕಿನ ಕಲೆ ಹೋಗಲಿಲ್ಲ ಅಂದರೆ ಹೋಗಲಿಲ್ಲ.

ಬೇಡದ್ದನ್ನೆಲ್ಲ ಚರಂಡಿಗೆ ಸುರಿಯೋಕೆ ಹೊರಟಿದ್ದೆವು. ಆಮೇಲೆ ಹೊಳೀತು, ಆಸಿಡ್ಡೂ ಬ್ಲೀಚೂ ಒಂದೇ ಪೈಪಿನಲ್ಲಿ ಸಿಕ್ಕರೆ ಅಕ್ಕನಿಗೆ ಆದದ್ದೇ ಇಡೀ ಬೀದಿಗೆ. ಲೂಸ್ ತಂದದ್ದು ತಂದಲ್ಲಿಗೇ ಹೋಯಿತು.

ಈಗ ಆ ಬಿಳೀ ಕಲೆಗೆ ಬರ್ತೀನಿ, ಯಾಕೆಂದರೆ ನಮ್ಮ ಬಿಸಿನೆಸ್ಸಿನ ತಲೆನೋವೆಲ್ಲ ಇರೋದು ಅಲ್ಲೇ. ಕಾವೇರಿ ನೀರು ಬರದ ಏರಿಯಾಗಳಲ್ಲಿ ಬೋರ್‌ವೆಲ್ ನೀರು, ಟ್ಯಾಂಕರ್ ನೀರು. ಅದರಲ್ಲಿರೋ ಕ್ಯಾಲ್ಸಿಯಂ ನಲ್ಲಿ ಮೇಲೆ, ಟೈಲ್ಸ್ ಮೇಲೆ, ಗಾಜಿನ ಮೇಲೆ ಸುಣ್ಣದ ಹಾಗೆ ಕೂರತ್ತೆ. ಸುಣ್ಣ ಕರಗೋದು ಆಸಿಡ್‌ನಲ್ಲಿ ಮಾತ್ರ. ಹೈಡ್ರೋಕ್ಲೋರಿಕ್ ಹಾಕಿದರೆ ಎರಡು ನಿಮಿಷ, ಬುಸ್ ಅಂತ ನೊರೆ ಬಂದು ಕಲೆ ಮಾಯ. ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಬಿಸಿನೀರಲ್ಲಿ ಕರಗಿಸಿ, ಹಳೇ ಬಟ್ಟೆ ಅದ್ದಿ ನಲ್ಲಿಗೆ ಸುತ್ತಿಟ್ಟರೂ ಕಲೆ ಹೋಗತ್ತೆ. ಆದರೆ ಅರ್ಧ ಗಂಟೆ ಬೇಕು. ಗಟ್ಟಿ ಕಲೆಗೆ ಎರಡು ಸಲ ಸುತ್ತಬೇಕು.

ಒಂದು ತಿಂಗಳು ಎರಡನ್ನೂ ಪಕ್ಕಪಕ್ಕ ಮಾಡಿ ನೋಡಿದೆವು. ಕಲೆಯಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ಗಡಿಯಾರದಲ್ಲಿ. ಅಂದರೆ ನಾವು ಇಷ್ಟು ದಿನ ಆಸಿಡ್ ಬಾಟಲಿಯಲ್ಲಿ ಕೊಂಡು ತರ್ತಿದ್ದದ್ದು ಸಮಯ. ಎರಡು ಬಾತ್‌ರೂಮಿಗೆ ಒಂದೂವರೆ ಗಂಟೆ ಅಂತ ರೇಟ್ ಕಟ್ಟಿದವಳು ನಾನು. ಆ ಒಂದೂವರೆ ಗಂಟೆಯಲ್ಲಿ ಮುಗಿಸಬೇಕಾದರೆ ಅಕ್ಕನಿಗೆ ಆ ಬಾಟಲಿ ಬಿಟ್ಟು ಬೇರೆ ದಾರಿ ಇರಲಿಲ್ಲ. ಹೋದ ಸಲದ ಅಂಕಣದಲ್ಲಿ ರೇಟ್ ಬಗ್ಗೆ ಅಷ್ಟು ಬುದ್ಧಿ ಹೇಳಿದೆನಲ್ಲ, ಇದನ್ನು ಬರೆಯದೇ ಬಿಟ್ಟಿದ್ದೆ.

ಈಗ ಹೋದ ಕೂಡಲೇ ಮೊದಲು ಬಾತ್‌ರೂಮುಗಳಿಗೆ ಬಟ್ಟೆ ಸುತ್ತಿಟ್ಟು, ಆಮೇಲೆ ಫ್ಯಾನು, ಕಿಟಕಿ ಶುರು ಮಾಡ್ತೀವಿ. ಕೆಲಸದ ಕ್ರಮ ಬದಲಾಯಿಸಿದ್ದರಿಂದ ಅರ್ಧ ಗಂಟೆಯಲ್ಲಿ ಸ್ವಲ್ಪ ವಾಪಸ್ ಸಿಕ್ಕಿತು, ಪೂರ್ತಿ ಸಿಗಲಿಲ್ಲ. ಉಳಿದದ್ದಕ್ಕೆ ರೇಟ್ ಏರಿಸಿದೆವು. ಕೆಲವು ಕಸ್ಟಮರ್ ಬಿಟ್ಟುಹೋದರು. ಒಬ್ಬರಂತೂ ‘ಬ್ಲೀಚ್ ವಾಸನೆ ಬರದೇ ಇದ್ರೆ ಕ್ಲೀನ್ ಮಾಡಿದ್ದೀರಿ ಅಂತ ನಂಬೋದು ಹೇಗೆ?’ ಅಂದರು. ವಾಸನೆ ಬಂದರೆ ಅದು ಗಾಳಿಯಲ್ಲಿದೆ, ನಿಮ್ಮ ಮಗುವಿನ ಮೂಗಿನಲ್ಲಿದೆ ಅಂತ ಅರ್ಥ ಅಂದೆ. ಅವರು ಮತ್ತೆ ಫೋನ್ ಮಾಡಲಿಲ್ಲ.

ನಿಂಬೆ ಉಪ್ಪು ಅಡುಗೆಮನೇದು ಅಂತ ಸದರ ಬೇಡ. ಅದೂ ಆಸಿಡ್ಡೇ, ವಿನೆಗರೂ ಆಸಿಡ್ಡೇ. ಬ್ಲೀಚ್ ಜೊತೆ ಸೇರಿದರೆ ಅವೂ ಕ್ಲೋರಿನ್ ಬಿಡುತ್ತವೆ. ಮಾರ್ಬಲ್ ಮೇಲೆ, ಕಡಪ ಕಲ್ಲಿನ ಮೇಲೆ ಹಾಕಿದರೆ ಹೊಳಪು ತಿಂದುಹಾಕುತ್ತವೆ, ಯಾಕೆಂದರೆ ಆ ಕಲ್ಲುಗಳೂ ಸುಣ್ಣದ ಜಾತಿಯವೇ. ಮತ್ತೆ ರೀಲ್ಸ್‌ನಲ್ಲಿ ತೋರಿಸ್ತಾರಲ್ಲ, ವಿನೆಗರ್ ಮೇಲೆ ಅಡುಗೆ ಸೋಡಾ ಸುರಿದು ನೊರೆ ಉಕ್ಕಿಸೋದು! ನೋಡೋಕೆ ಚೆಂದ. ಒಂದು ಆಸಿಡ್, ಒಂದು ಕ್ಷಾರ, ಒಂದನ್ನೊಂದು ಕೊಂದುಕೊಂಡು ಕೊನೆಗೆ ಉಳಿಯೋದು ಉಪ್ಪುನೀರು. ಅಪಾಯವೇನಿಲ್ಲ, ಪ್ರಯೋಜನವೂ ಅಷ್ಟಕ್ಕಷ್ಟೆ.

ಬ್ಲೀಚನ್ನು ಪೂರ್ತಿ ಬಿಟ್ಟಿಲ್ಲ. ಬೂಷ್ಟು ಹಿಡಿದ ಗೋಡೆಗೆ, ಕಾಯಿಲೆ ಮಲಗಿದ್ದ ರೂಮಿಗೆ ಬೇಕಾಗತ್ತೆ. ಮುಂಚೆ ಅಂದಾಜಿನಲ್ಲಿ ಗೊಳಗೊಳ ಸುರೀತಿದ್ದೆವು. ಈಗ 5 ಪರ್ಸೆಂಟಿನ ಬ್ಲೀಚ್ ಒಂದು ಲೋಟಕ್ಕೆ ಒಂಬತ್ತು ಲೋಟ ನೀರು, ಅಲ್ಲಿಗೆ ಅರ್ಧ ಪರ್ಸೆಂಟ್. ತಣ್ಣೀರೇ ಆಗಬೇಕು. ಬಿಸಿಲಲ್ಲಿಟ್ಟರೆ, ಹಳತಾದರೆ ಬ್ಲೀಚಿನ ಶಕ್ತಿ ಹೋಗತ್ತೆ, ಹಾಗಾಗಿ ಸಣ್ಣ ಬಾಟಲಿ ತರೋದು, ಅವತ್ತು ಬೆರೆಸಿದ್ದು ಅವತ್ತೇ ಮುಗಿಸೋದು.

ಚೀಲದ ಕತೆ ಇಲ್ಲಿಗೆ ಬಂತು. ಮುಂಚೆ ಸ್ಕೂಟರ್ ಮುಂದೆ ಒಂದೇ ಚೀಲ, ಅದರಲ್ಲಿ ಆಸಿಡ್ಡು ಬ್ಲೀಚು ಅಕ್ಕಪಕ್ಕ, ಹಳ್ಳ ಬಂದಾಗೆಲ್ಲ ಟಕ್ ಟಕ್ ಅಂತ ಬಡಿದುಕೊಳ್ತಿದ್ದವು. ಈಗ ಆಸಿಡ್ ಜಾತಿಯದ್ದೆಲ್ಲ, ನಿಂಬೆ ಉಪ್ಪೂ ಸೇರಿ, ಕೆಂಪು ಚೀಲ. ಬ್ಲೀಚ್ ನೀಲಿ ಚೀಲ. ಬಾಟಲಿಗೂ ಅದೇ ಬಣ್ಣದ ಟೇಪು, ಗೂಡಿನಲ್ಲೂ ಎದುರುಬದುರು ಗೋಡೆ, ಎಲ್ಲಾ ಕಣ್ಣಿನ ಮಟ್ಟಕ್ಕಿಂತ ಕೆಳಗಿನ ಹಲಗೆಯಲ್ಲಿ. ಒಂದು ಬಾತ್‌ರೂಮಿಗೆ ಒಂದು ದಿನಕ್ಕೆ ಒಂದೇ ಚೀಲ. ನಮ್ಮಲ್ಲಿ ಒಬ್ಬಳು ತೆಲುಗು ಓದ್ತಾಳೆ, ಇಬ್ಬರು ಒಡಿಶಾದವರು, ಅಕ್ಕ ಯಾವುದನ್ನೂ ಓದಲ್ಲ. ನಾನು ಮೊದಲು ಚೆಂದವಾಗಿ ಕನ್ನಡದಲ್ಲಿ ಪ್ರಿಂಟ್ ಮಾಡಿಸಿ ಅಂಟಿಸಿದ್ದ ಸೂಚನೆ ನನಗೊಬ್ಬಳಿಗೇ ಉಪಯೋಗಕ್ಕೆ ಬಂದದ್ದು.

ಅಡುಗೆಮನೆ ಚಿಮಣಿಯದ್ದು ಬೇರೆ ಪುಟ. ಅಲ್ಲಿ ಜಿಡ್ಡು ತೆಗೆಯೋದು ಕಾಸ್ಟಿಕ್ ಸೋಡಾ. ಆಸಿಡ್ ಅಂದರೆ ಹೆದರೋ ನಾವು ಇದನ್ನು ಸೋಪಿನ ಪುಡಿ ಅಂತ ತಿಳೀತೀವಿ. ಕಣ್ಣಿಗೆ ಬಿದ್ದರೆ ಕ್ಷಾರ ಆಸಿಡ್‌ಗಿಂತ ಆಳಕ್ಕೆ ಇಳಿಯತ್ತೆ. ಪುಡಿಯ ಮೇಲೆ ನೀರು ಹುಯ್ದರೆ ಕುದಿದು ಮುಖಕ್ಕೆ ಚಿಮ್ಮತ್ತೆ. ತಣ್ಣೀರಿಗೆ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು. ಅಲ್ಯೂಮಿನಿಯಂ ಜಾಲರಿ ಇರೋ ಫಿಲ್ಟರಿಗಂತೂ ಹಾಕಲೇಬಾರದು, ಜಾಲರಿ ಕಪ್ಪಾಗತ್ತೆ, ಜೊತೆಗೆ ಬರೋ ಗುಳ್ಳೆ ಹೈಡ್ರೋಜನ್, ಪಕ್ಕದಲ್ಲೇ ಗ್ಯಾಸ್ ಒಲೆ. ಅಂಥವನ್ನು ಬಿಸಿನೀರು, ಪಾತ್ರೆ ತೊಳೆಯೋ ಲಿಕ್ವಿಡ್ಡಿನಲ್ಲಿ ಒಂದು ಗಂಟೆ ನೆನೆಸ್ತೀವಿ. ಸ್ಟೀಲಿನ ಫಿಲ್ಟರಿಗೆ ಮಾತ್ರ ಕಾಸ್ಟಿಕ್, ಅದೂ ಯುಟಿಲಿಟಿಯಲ್ಲಿ, ಕನ್ನಡಕ ಹಾಕ್ಕೊಂಡು. ಏನೇ ಕಣ್ಣಿಗೆ ಬಿದ್ದರೂ ಆಸ್ಪತ್ರೆಗೆ ಓಡೋ ಮುಂಚೆ ನಲ್ಲಿ ಕೆಳಗೆ ಕಣ್ಣು ಬಿಡಿಸಿ ಪೂರ್ತಿ ಹದಿನೈದು ಇಪ್ಪತ್ತು ನಿಮಿಷ ತೊಳೀಬೇಕು. ಈ ಒಂದು ಪಾಠವನ್ನು ಎಂಟೂ ಜನಕ್ಕೆ ನೀರು ಬಿಟ್ಟು ಮಾಡಿಸಿಯೇ ಕಲಿಸಿದ್ದೇವೆ.

ಮಾಸ್ಕ್ ಬಗ್ಗೆ ಕೇಳ್ತೀರಿ ಅಂತ ಗೊತ್ತು. ಆ ಘಟನೆ ಆದ ಮಾರನೇ ದಿನ ನಾನೂ ಮಾಡಿದ ಮೊದಲ ಕೆಲಸ ಆನ್‌ಲೈನ್‌ನಲ್ಲಿ ಮಾಸ್ಕ್ ಆರ್ಡರ್ ಮಾಡಿದ್ದೇ. ಸರ್ಜಿಕಲ್ ಮಾಸ್ಕಾಗಲಿ ಎನ್95 ಆಗಲಿ ಧೂಳಿಗೆ, ಹನಿಗೆ ಅಡ್ಡ. ಅನಿಲ ಅದರೊಳಗಿಂದ ಸಲೀಸಾಗಿ ನುಗ್ಗತ್ತೆ. ಕೋವಿಡ್ ಕಾಲದಲ್ಲಿ ಬಂದ ಧೈರ್ಯ ಇಲ್ಲಿ ಕೆಲಸಕ್ಕೆ ಬರಲ್ಲ, ಮಾಸ್ಕ್ ಇದೆಯಲ್ಲ ಅಂತ ಬಾಗಿಲು ಮುಚ್ಚಿಕೊಂಡರೆ ಇನ್ನೂ ಕೆಟ್ಟದ್ದು. ಕೆಮಿಕಲ್ಲನ್ನು ಬಿಡಬಹುದಾ, ಸೌಮ್ಯವಾದದ್ದು ಹಾಕಬಹುದಾ, ಗಾಳಿ ಬಿಡಬಹುದಾ, ಬ್ರಷ್ಷಿನ ಹಿಡಿ ಉದ್ದ ಮಾಡಿ ದೂರ ನಿಲ್ಲಿಸಬಹುದಾ ಅಂತ ನೋಡಿ ಮುಗಿಸಿದ ಮೇಲೆ ಗ್ಲೌಸು, ಕನ್ನಡಕ. ನಾವು ಕೊನೆಯಿಂದ ಶುರು ಮಾಡಿದ್ದೆವು. ಅಕ್ಕನಿಗೆ ಉದ್ದ ಹಿಡಿಯ ಬ್ರಷ್ ಒಗ್ಗೋಕೆ ಎರಡು ತಿಂಗಳು ಬೇಕಾಯಿತು. ‘ನಿಂತ್ಕೊಂಡು ತಿಕ್ಕಿದ್ರ ತಿಕ್ಕಿದಂಗ ಅನಸೂದಿಲ್ರೀ’ ಅಂತ ಈಗಲೂ ಗೊಣಗ್ತಾಳೆ.

ನೀವು ಯಾರನ್ನೇ ಕ್ಲೀನಿಂಗ್‌ಗೆ ಕರೆಸಿದರೂ, ನಿನ್ನೆ ಇವತ್ತು ಬಾತ್‌ರೂಮಿಗೆ ಏನು ಹಾಕಿದ್ದೀರಿ ಅಂತ ಬಾಗಿಲಲ್ಲೇ ಹೇಳಿ. ಫ್ಲಶ್ ಟ್ಯಾಂಕಿನಲ್ಲಿ ಕ್ಲೋರಿನ್ ಮಾತ್ರೆ ಇಟ್ಟಿದ್ದರೆ ಅದನ್ನೂ ಹೇಳಿ. ಎರಡು ಸಲ ಫ್ಲಶ್ ಮಾಡಿಡಿ, ಕೆಟ್ಟ ಎಕ್ಸಾಸ್ಟ್ ಫ್ಯಾನ್ ರಿಪೇರಿ ಮಾಡಿಸಿ, ವಾಸನೆ ಬರತ್ತೆ ಅಂತ ಬಾಗಿಲು ಮುಚ್ಚಿಸಬೇಡಿ. ನಾವು ಈಗ ಒಳಗೆ ಹೋಗೋ ಮುಂಚೆ ಇದನ್ನೇ ಕೇಳ್ತೀವಿ. ಕೆಲವರಿಗೆ ಪೊಲೀಸ್ ವಿಚಾರಣೆ ಥರ ಅನ್ನಿಸತ್ತಂತೆ.

ಅಕ್ಕ ಮೂರು ವಾರ ಬಿಟ್ಟು ಕೆಲಸಕ್ಕೆ ವಾಪಸ್ ಬಂದಳು. ಆ ಮೂರು ವಾರದ ಸಂಬಳ ಕೊಟ್ಟಾಗ ಎರಡು ಸಲ ಎಣಿಸಿ, ಹೆಚ್ಚಿಗೆ ಬಂದಿದೆ ಅಂತ ವಾಪಸ್ ಕೊಡೋಕೆ ಬಂದಿದ್ದಳು.

ಹೋದ ವಾರ ಅಂಗಡಿಯವರು ‘ಹೊಸಾದು ಬಂದಿದೆ ಮೇಡಂ, ಎಲ್ಲಾ ಕಲೆಗೂ ಒಂದೇ’ ಅಂತ ಒಂದು ಸ್ಯಾಂಪಲ್ ಕ್ಯಾನ್ ಕಳಿಸಿದರು. ಚೆಂದದ ಹಸಿರು ಲೇಬಲ್, ಎಲೆ ಚಿತ್ರ, ‘ನ್ಯಾಚುರಲ್’ ಅಂತ ದೊಡ್ಡ ಅಕ್ಷರ. ಒಳಗೇನಿದೆ ಅಂತ ಎಲ್ಲೂ ಇಲ್ಲ. ನಾನು ಆಸೆಯಿಂದ ಮುಚ್ಚಳ ತಿರುಗಿಸೋಕೆ ಹೋದೆ. ಅಕ್ಕ ಕ್ಯಾನ್ ತಗೊಂಡು ತಿರುಗಿಸಿ ಮುರುಗಿಸಿ ನೋಡಿ, ‘ಇದರಾಗ ಏನೈತ್ರಿ? ಕೆಂಪು ಚೀಲಕ್ಕೋ, ನೀಲಿ ಚೀಲಕ್ಕೋ?’ ಅಂದಳು. ಅಂಗಡಿಯವರಿಗೆ ಮೆಸೇಜ್ ಹಾಕಿದ್ದೇನೆ. ಎರಡು ಬ್ಲೂ ಟಿಕ್ ಬಂದಿದೆ, ಉತ್ತರ ಬಂದಿಲ್ಲ. ಕ್ಯಾನ್ ಗೂಡಿನ ಹೊರಗೇ ಇದೆ.